ಕ್ರೀಮು ಯಾಕೆ ಹಳಸುವುದಿಲ್ಲ?

(ಅಂಗರಾಗಗಳಲ್ಲಿ ಮತ್ತು ಚರ್ಮದ ಮದ್ದುಗಳಲ್ಲಿ ಇರುವ ಸಂರಕ್ಷಕಗಳನ್ನು ಕುರಿತು ಒಂದು ಪಾಠ)

ಒಂದು ವಸ್ತು ಕೆಟ್ಟಿತು ಅನ್ನುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಅಂತ ಎಂದಾದರೂ ಎಣಿಸಿದ್ದೀರಾ? ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಹಿಟ್ಟು ಮುಗ್ಗುತ್ತದೆ. ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ. ಹಣ್ಣು ಕೊಳೆಯುತ್ತದೆ. ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. 'ಎಣ್ಣೆ ಹಳಸಿತು' ಅಂತ ಯಾರೂ ಹೇಳುವುದಿಲ್ಲ, 'ಅನ್ನ ಕಮಟಾಯಿತು' ಅಂತಲೂ ಹೇಳುವುದಿಲ್ಲ. ನಮ್ಮ ಅಡಿಗೆಮನೆಯವರು ಪ್ರಯೋಗಶಾಲೆ ಕಂಡವರಲ್ಲ. ಆದರೂ ಕೆಡುವ ಬಗೆ ಬೇರೆ ಬೇರೆ ಎಂಬುದನ್ನು ಚೆನ್ನಾಗಿ ಬಲ್ಲವರು.

ಈಗ ನಿಮ್ಮ ಕೋಣೆಯ ಕಪಾಟನ್ನು ನೋಡಿ. ಅಲ್ಲಿ ಒಂದು ಮುಖದ ಕ್ರೀಮು, ಒಂದು ಶಾಂಪೂ, ಎಂದೋ ತುರಿಕೆಗೆ ತಂದ ಒಂದು ಟ್ಯೂಬು ಇರಬಹುದು. ರಾತ್ರಿಯ ಸಾರು ಬೆಳಿಗ್ಗೆ ಹೊತ್ತಿಗೆ ಹಳಸುವ ಮುಂಬಯಿಯ ಮಳೆಗಾಲದಲ್ಲಿ, ಅರ್ಧಕ್ಕಿಂತ ಹೆಚ್ಚು ನೀರೇ ಇರುವ ಈ ಕ್ರೀಮು ಮಾತ್ರ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹೇಗೆ? ಅದರೊಳಗೆ ಒಬ್ಬ ಕಾವಲುಗಾರ ಕೂತಿದ್ದಾನೆ. ಅವನೇ ಸಂರಕ್ಷಕ. ಅವನು ಯಾರು, ಹೇಗೆ ಕೆಲಸ ಮಾಡುತ್ತಾನೆ, ಯಾವಾಗ ನಮ್ಮ ಮೈಮೇಲೇ ತಿರುಗಿ ಬೀಳುತ್ತಾನೆ ಎಂಬುದೇ ಈ ಪಾಠ.

1. ನೀರಿದ್ದಲ್ಲಿ ಜೀವ

ಮೇಲೆ ಹೇಳಿದ ಮಾತುಗಳನ್ನು ಎರಡು ಗುಂಪು ಮಾಡೋಣ. ಹಳಸುವುದು, ಒಡೆಯುವುದು, ಮುಗ್ಗುವುದು, ಬೂಷ್ಟು, ಕೊಳೆ - ಇವು ಸಾಮಾನ್ಯವಾಗಿ ಸೂಕ್ಷ್ಮಜೀವಿಗಳ ಕೆಲಸ. ಕಮಟಾಗುವುದು ಮುಖ್ಯವಾಗಿ ಗಾಳಿಯ ಕೆಲಸ. ಆಮ್ಲಜನಕವು ಎಣ್ಣೆಯ ಅಣುಗಳನ್ನು ಒಡೆಯುವುದರಿಂದ ಬರುವ ವಾಸನೆ ಅದು. ಎಣ್ಣೆ ಕಮಟಾಗದಂತೆ ಹಾಕುವ ವಿಟಮಿನ್ ಇ ಮೊದಲಾದ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು ಅಂತ ಹೆಸರು. ಸೂಕ್ಷ್ಮಜೀವಿಗಳನ್ನು ತಡೆಯುವುದಕ್ಕೆ ಹಾಕುವವು ಸಂರಕ್ಷಕಗಳು. ಎರಡನ್ನೂ ಬೆರೆಸಿ ಮಾತಾಡಬಾರದು. ವಿಟಮಿನ್ ಇ ಹಾಕಿದ ಮಾತ್ರಕ್ಕೆ ಬೂಷ್ಟು ನಿಲ್ಲುವುದಿಲ್ಲ.

ಸೂಕ್ಷ್ಮಜೀವಿಗೆ ಬದುಕಲು ನೀರು ಬೇಕೇ ಬೇಕು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ವರ್ಷವಿಡೀ ಉಳಿಯುವುದು ನೀರನ್ನು ಬಿಸಿಲು ಕುಡಿದದ್ದರಿಂದ. ಉಪ್ಪಿನಕಾಯಿಯಲ್ಲಿ ನೀರಿದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಂಡು ಜೀವಿಗೆ ಸಿಗದಂತೆ ಮಾಡುತ್ತದೆ. ಜೊತೆಗೆ ಹುಳಿ ಬೇರೆ. ಇದೇ ಲೆಕ್ಕವನ್ನು ಕಪಾಟಿಗೆ ಹಚ್ಚಿ ನೋಡಿ. ಕೊಬ್ಬರಿ ಎಣ್ಣೆ, ವ್ಯಾಸಲೀನು, ಟಾಲ್ಕಂ ಪುಡಿ, ಮನೆಯಲ್ಲಿ ಹರಳೆಣ್ಣೆಯ ದೀಪಕ್ಕೆ ಹಿಡಿದು ಮಾಡಿದ ಕಾಡಿಗೆ - ಇವುಗಳಲ್ಲಿ ನೀರಿಲ್ಲ, ಆದ್ದರಿಂದ ಇವುಗಳೊಳಗೆ ಜೀವಿಗಳು ಬೆಳೆಯುವುದು ಕಷ್ಟ. ಸಾಬೂನಿನ ಬಿಲ್ಲೆಯಲ್ಲಿ ನೀರು ಕಡಿಮೆ, ಕ್ಷಾರ ಹೆಚ್ಚು. ಆದರೆ ಕ್ರೀಮು, ಲೋಷನ್ನು, ಶಾಂಪೂ, ಒದ್ದೆ ಒರಸುಬಟ್ಟೆ ಇವು ನೀರಿನ ಮನೆಗಳು. ಕ್ರೀಮು ಅಂದರೆ ಏನು? ಎಣ್ಣೆ ಮತ್ತು ನೀರನ್ನು ಒಂದು ಮಧ್ಯವರ್ತಿಯ ಸಹಾಯದಿಂದ ಕಡೆದು ಒಂದು ಮಾಡಿದ ಮಿಶ್ರಣ. ನೀರಿದೆ, ಜಿಡ್ಡಿದೆ, ಬೆಚ್ಚಗಿನ ಕೋಣೆಯಿದೆ. ಮೇಲಾಗಿ ದಿನಕ್ಕೆರಡು ಸಲ ನಾವೇ ಬೆರಳದ್ದಿ ಬೀಜ ಬಿತ್ತುತ್ತೇವೆ. ಇನ್ನೇನು ಬೇಕು?

ನಮ್ಮ ಅಜ್ಜಿಯರು ಗಂಧವನ್ನು ಸಾಣೆಕಲ್ಲಿನ ಮೇಲೆ ಆಗಿಂದಾಗ್ಗೆ ತೇಯುತ್ತಿದ್ದರು. ಅರಿಶಿನ, ಕಡಲೆಹಿಟ್ಟು, ಸೀಗೆಪುಡಿಗಳನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಬೇಕಾದಾಗ ನೀರಲ್ಲಿ ಕಲಸುತ್ತಿದ್ದರು. ಕಲಸಿದ್ದು ಉಳಿದರೆ ಚೆಲ್ಲುತ್ತಿದ್ದರು. ಸಂರಕ್ಷಕವಿಲ್ಲದ ಅಂಗರಾಗಕ್ಕೆ ಇರುವ ದಾರಿ ಇಷ್ಟೆ: ಒಣಗಿಸು, ಎಣ್ಣೆಯಲ್ಲಿಡು, ಇಲ್ಲವೆ ಅಂದಂದೇ ಮುಗಿಸು. ತೇಯ್ದ ಗಂಧವನ್ನು ಬಾಟಲಿಗೆ ತುಂಬಿ ಒಂದು ವರ್ಷ ಅಂಗಡಿಯಲ್ಲಿಟ್ಟು ಮಾರಬೇಕು ಅಂತ ಯಾವಾಗ ತೀರ್ಮಾನಿಸಿದೆವೋ ಆಗಲೇ ಸಂರಕ್ಷಕಕ್ಕೂ ಬಾಗಿಲು ತೆರೆದೆವು.

2. ಕಾವಲಿಲ್ಲದಿದ್ದರೆ

'ಸ್ವಲ್ಪ ಬೂಷ್ಟು ಬಂದರೆ ಎಸೆದರಾಯ್ತು, ಇಷ್ಟಕ್ಕೆಲ್ಲ ರಾಸಾಯನಿಕ ಯಾಕೆ?' ಅಂತ ಕೇಳುವವರಿದ್ದಾರೆ. ಕಣ್ಣಿಗೆ ಕಾಣುವ ಬೂಷ್ಟು ದೊಡ್ಡ ಅಪಾಯವಲ್ಲ, ಅದನ್ನು ನೋಡಿ ಎಸೆಯುತ್ತೇವೆ. ಕಾಣದೆ, ವಾಸನೆಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯವೇ ಅಪಾಯ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಅಂಥ ಒಂದು ಕಿಲಾಡಿ. ನಲ್ಲಿ, ಬಚ್ಚಲು, ಒದ್ದೆ ಸ್ಪಂಜು ಎಲ್ಲಿ ಬೇಕಾದರೂ ಬದುಕುತ್ತದೆ.

1960ರ ದಶಕದ ನಡುವಿನಲ್ಲಿ ಸ್ವೀಡನ್ನಿನಲ್ಲಿ ಕಣ್ಣಿಗೆ ಹಚ್ಚುವ ಒಂದು ಹೈಡ್ರೋಕಾರ್ಟಿಸೋನ್ ಮುಲಾಮಿನಲ್ಲಿ ಇದೇ ಸ್ಯೂಡೊಮೊನಾಸ್ ಸೇರಿಕೊಂಡು, ಗುಣವಾಗಲೆಂದು ಹಚ್ಚಿಕೊಂಡವರ ಕಣ್ಣಿಗೆ ತೀವ್ರ ಸೋಂಕು ತಗಲಿತು. ಆಮೇಲೆ ನಡೆದ ತನಿಖೆ ಔಷಧ ತಯಾರಿಕೆಯ ಶುಚಿತ್ವದ ನಿಯಮಗಳನ್ನೇ ಬಿಗಿ ಮಾಡಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಮಸ್ಕರಾದಿಂದ ಇದೇ ಬ್ಯಾಕ್ಟೀರಿಯ ಕಣ್ಣಿನ ಪಾಪೆಗೆ ಹುಣ್ಣು ತಂದದ್ದನ್ನು ವೈದ್ಯರು ವರದಿ ಮಾಡಿದರು. ಹಚ್ಚುವಾಗ ಕುಂಚ ತಾಗಿ ಪಾಪೆ ಒಂದಿಷ್ಟು ಗೀರಿದರೆ ಸಾಕು, ಬ್ಯಾಕ್ಟೀರಿಯಕ್ಕೆ ಬಾಗಿಲು ತೆರೆದ ಹಾಗೆ.

ಇನ್ನೊಂದು ಪ್ರಸಂಗ ಸ್ವಲ್ಪ ಬೇರೆ. 1946ರಲ್ಲಿ ನ್ಯೂಜಿಲೆಂಡಿನಲ್ಲಿ ಹಸುಗೂಸುಗಳ ಹೊಕ್ಕುಳಿಗೆ ಹಾಕಿದ ಟಾಲ್ಕಂ ಪುಡಿಯಲ್ಲಿ ಧನುರ್ವಾಯುವಿನ ಬೀಜಕಣಗಳಿದ್ದು ಕೂಸುಗಳು ಸತ್ತವು. ಪುಡಿಯಲ್ಲಿ ನೀರಿಲ್ಲ, ಅಲ್ಲಿ ಬ್ಯಾಕ್ಟೀರಿಯ ಬೆಳೆಯಲಿಲ್ಲ. ಮಣ್ಣಿನಿಂದ ಬಂದ ಬೀಜಕಣ ಸುಮ್ಮನೆ ಕಾದು ಕೂತಿತ್ತು. ಇಂಥದ್ದಕ್ಕೆ ಸಂರಕ್ಷಕ ಮದ್ದಲ್ಲ. ಕಚ್ಚಾ ಮಾಲನ್ನೇ ಶುದ್ಧಿ ಮಾಡಬೇಕು. ಅಂದರೆ ಕಾವಲುಗಾರನಿದ್ದಾನೆ ಅಂತ ಮನೆಗೆ ಬಾಗಿಲೇ ಇಡದೆ ಇರುವ ಹಾಗಿಲ್ಲ. ಹೊಲಸು ಕಾರ್ಖಾನೆಯ ಪಾಪವನ್ನು ತೊಳೆಯುವುದು ಸಂರಕ್ಷಕದ ಕೆಲಸವಲ್ಲ. ಶುಚಿಯಾಗಿ ತಯಾರಾದದ್ದು ನಮ್ಮ ಕೈಯಲ್ಲಿ ಕೆಡದಂತೆ ನೋಡುವುದಷ್ಟೇ ಅದರ ಕೆಲಸ.

3. ಕಾವಲುಗಾರರ ಪರಿಚಯ

ಲೇಬಲ್ಲಿನಲ್ಲಿ ಕಾಣುವ ಮುಖ್ಯ ಹೆಸರುಗಳನ್ನು ಮನೆತನಗಳಾಗಿ ವಿಂಗಡಿಸಿದರೆ ನೆನಪಿಡಲು ಸುಲಭ.

ಅ) ಪ್ಯಾರಾಬೆನ್‌ಗಳು: ಪ್ಯಾರಾ-ಹೈಡ್ರಾಕ್ಸಿ ಬೆಂಜೋಯಿಕ್ ಆಮ್ಲದ ಎಸ್ಟರುಗಳು. ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯೂಟೈಲ್ ಅಂತ ಅಣ್ಣತಮ್ಮಂದಿರು. ಬೂಷ್ಟಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ, ಸ್ಯೂಡೊಮೊನಾಸ್ ಮುಂದೆ ಸ್ವಲ್ಪ ಸೋಲುತ್ತವೆ. ಫಾರ್ಮಸಿಯಲ್ಲಿ ರೂಢಿಯ ಪ್ರಮಾಣ ನೂರಕ್ಕೆ 0.18 ಭಾಗ ಮೀಥೈಲ್, 0.02 ಭಾಗ ಪ್ರೊಪೈಲ್. 30 ಗ್ರಾಮಿನ ಟ್ಯೂಬಿನಲ್ಲಿ ಎರಡೂ ಸೇರಿ 60 ಮಿಲಿಗ್ರಾಂ ಆಯಿತು.

ಆ) ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವವು: ಕ್ವಾಟರ್ನಿಯಂ-15, ಡಿಎಂಡಿಎಂ ಹೈಡಾಂಟಾಯಿನ್, ಇಮಿಡಜೋಲಿಡಿನೈಲ್ ಯೂರಿಯ, ಡಯಜೋಲಿಡಿನೈಲ್ ಯೂರಿಯ ಮೊದಲಾದವು. ಇವು ನೀರಿನಲ್ಲಿ ನಿಧಾನವಾಗಿ ಚೂರುಚೂರೇ ಫಾರ್ಮಾಲ್ಡಿಹೈಡನ್ನು ಬಿಡುತ್ತವೆ. ಪ್ರಾಣಿಶಾಸ್ತ್ರದವರು ಕಪ್ಪೆಯನ್ನು ಅದ್ದಿಡುವ ಫಾರ್ಮಲಿನ್ ಇದೆಯಲ್ಲ, ಅದೇ ವಸ್ತು. ಹೆಸರಿನಲ್ಲಿ ಮಾತ್ರ 'ಫಾರ್ಮಾಲ್ಡಿಹೈಡ್' ಅಂತ ಎಲ್ಲೂ ಇರುವುದಿಲ್ಲ. ಆದ್ದರಿಂದ ಅಲರ್ಜಿ ಇರುವವರಿಗೆ ಗುರುತಿಸುವುದು ಕಷ್ಟ.

ಇ) ಐಸೊಥಯಜೋಲಿನೋನ್‌ಗಳು: ಮೀಥೈಲ್ ಐಸೊಥಯಜೋಲಿನೋನ್, ಮೀಥೈಲ್ ಕ್ಲೋರೋ ಐಸೊಥಯಜೋಲಿನೋನ್. ಚೂರೇ ಚೂರು ಸಾಕು. ಹತ್ತು ಲಕ್ಷಕ್ಕೆ 15 ಭಾಗದಲ್ಲೇ ಕೆಲಸ ಮುಗಿಸುತ್ತವೆ. ಇವುಗಳ ಕಥೆ ಮುಂದೆ ಬರುತ್ತದೆ.

ಈ) ಆಮ್ಲಗಳು: ಬೆಂಜೋಯಿಕ್, ಸಾರ್ಬಿಕ್, ಸ್ಯಾಲಿಸಿಲಿಕ್. ಟೊಮೇಟೊ ಕೆಚಪ್ಪಿನ ಬಾಟಲಿಯಲ್ಲಿ ಕಾಣುವ ಸೋಡಿಯಂ ಬೆಂಜೋಯೇಟ್ ಇದೇ ಮನೆತನ.

ಉ) ಮದ್ಯಸಾರಗಳು ಮತ್ತು ಫೀನಾಲುಗಳು: ಫೀನಾಕ್ಸಿ ಎಥನಾಲ್, ಬೆಂಜೈಲ್ ಆಲ್ಕೊಹಾಲ್, ಕ್ಲೋರೋಕ್ರಿಸಾಲ್. ನಮ್ಮ ದೇಶದ ಚರ್ಮದ ಕ್ರೀಮುಗಳ ಟ್ಯೂಬಿನ ಮೇಲೆ 'ಕ್ಲೋರೋಕ್ರಿಸಾಲ್ ಐ.ಪಿ. 0.1 ಶೇಕಡಾ, ಸಂರಕ್ಷಕವಾಗಿ' ಎಂಬ ಸಾಲು ಸಾಮಾನ್ಯ.

ಊ) ಪಾದರಸದವು: ಥಯೊಮೆರ್ಸಾಲ್ ಮುಂತಾದವು. ಇವು ಹಳೆಯ ಕಾಲದವು, ಕಣ್ಣಿನ ಸುತ್ತ ಹಚ್ಚುವ ವಸ್ತುಗಳಿಗೆ ಮಾತ್ರ ಉಳಿದುಕೊಂಡು ಬಂದಿದ್ದವು. ಭಾರತದ 2020ರ ಅಂಗರಾಗ ನಿಯಮಗಳು ಕಣ್ಣಿನ ಸುತ್ತಲಿನ ಅಂಗರಾಗಗಳಲ್ಲಿ ಪಾದರಸ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದು ಅಂದವು. ಬೇರೆ ಅಂಗರಾಗಗಳಲ್ಲಿ ಅದನ್ನು ಹಾಕುವಂತೆಯೇ ಇಲ್ಲ. ತಾನಾಗಿ ಸೇರಿದರೂ 1 ಭಾಗ ಮೀರಬಾರದು.

ಇಲ್ಲೊಂದು ತಮಾಷೆ ನೋಡಿ. ಒಂದೇ ವಸ್ತು ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ವೈದ್ಯ. ಹುಳುಕಡ್ಡಿಗೆ ಹಚ್ಚುವ ಹಳೆಯ ವಿಟ್‌ಫೀಲ್ಡ್ ಮುಲಾಮಿನಲ್ಲಿ ನೂರಕ್ಕೆ 6 ಭಾಗ ಬೆಂಜೋಯಿಕ್ ಆಮ್ಲ, 3 ಭಾಗ ಸ್ಯಾಲಿಸಿಲಿಕ್ ಆಮ್ಲ. ಅಲ್ಲಿ ಅದು ಮದ್ದು. ಅದರ ಹತ್ತಾರು ಪಟ್ಟು ಕಡಿಮೆ ಪ್ರಮಾಣದಲ್ಲಿ ಕ್ರೀಮಿನೊಳಗೆ ಬಂದರೆ ಸಂರಕ್ಷಕ. ಪ್ರಮಾಣವೇ ಪಾತ್ರವನ್ನು ತೀರ್ಮಾನಿಸುತ್ತದೆ.

4. ಕಾವಲುಗಾರ ಎಲ್ಲಿ ನಿಲ್ಲಬೇಕು?

ಸಂರಕ್ಷಕ ಹಾಕಿದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಬ್ಯಾಕ್ಟೀರಿಯ ಬೆಳೆಯುವುದು ಕ್ರೀಮಿನ ನೀರಿನ ಭಾಗದಲ್ಲಿ. ಪ್ಯಾರಾಬೆನ್‌ಗಳಿಗೆ, ಅದರಲ್ಲೂ ಪ್ರೊಪೈಲ್, ಬ್ಯೂಟೈಲ್‌ಗಳಿಗೆ, ಎಣ್ಣೆಯ ಮೇಲೆ ಪ್ರೀತಿ ಹೆಚ್ಚು. ಕಳ್ಳ ಹಿತ್ತಿಲಲ್ಲಿದ್ದರೆ ಕಾವಲುಗಾರ ಅಟ್ಟದ ಮೇಲೆ ಹೋಗಿ ಮಲಗಿದ ಹಾಗೆ. ಆದ್ದರಿಂದ ಎಣ್ಣೆಗೆ ಎಷ್ಟು ಹೋಗುತ್ತದೆ, ನೀರಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಬೇಕು. ಮಧ್ಯವರ್ತಿಗಳಾಗಿ ಬರುವ ಕೆಲವು ಪಾಲಿಸಾರ್ಬೇಟ್‌ಗಳೂ ಪ್ಯಾರಾಬೆನ್ನನ್ನು ತಬ್ಬಿ ಹಿಡಿದು ನಿಷ್ಕ್ರಿಯ ಮಾಡುತ್ತವೆ.

ಆಮ್ಲಗಳದ್ದು ಇನ್ನೊಂದು ಪಾಡು. ಬೆಂಜೋಯಿಕ್ ಆಮ್ಲದ ಅಣು ಒಡೆಯದೆ ಇಡಿಯಾಗಿದ್ದಾಗ ಮಾತ್ರ ಜೀವಿಯ ಪೊರೆಯೊಳಗೆ ಸುಲಭವಾಗಿ ನುಗ್ಗುತ್ತದೆ. ಅದರ ಪಿಕೆಎ 4.2. ರಸಾಯನಶಾಸ್ತ್ರ ಓದುತ್ತಿರುವವರು ಸೂತ್ರ ಹಾಕಿ ನೋಡಿ: ಪಿಎಚ್ 4.2 ಇದ್ದಾಗ ನೂರಕ್ಕೆ 50 ಅಣುಗಳು ಇಡಿಯಾಗಿರುತ್ತವೆ, 5.2ರಲ್ಲಿ ಸುಮಾರು 9, 6.2ರಲ್ಲಿ ಬರೀ 1. ಪಿಎಚ್ ಎರಡು ಹೆಜ್ಜೆ ಮೇಲೇರಿದ್ದಕ್ಕೆ ಐವತ್ತು ಜನ ಕಾವಲುಗಾರರಲ್ಲಿ ಒಬ್ಬ ಉಳಿದ! 'ಬೆಂಜೋಯೇಟ್ ಹಾಕಿದ್ದೇನೆ' ಅಂತ ಮನೆಯಲ್ಲಿ ಕ್ರೀಮು ತಯಾರಿಸುವವರು ಪಿಎಚ್ ನೋಡದೆ ಇದ್ದರೆ ಆ ಹಾಕಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ಕಲಸಿದ ಹಾಗೆ.

ಇದಕ್ಕೇ ಔಷಧ ಸಂಹಿತೆಗಳು ಒಂದು ಪರೀಕ್ಷೆ ಇಟ್ಟಿವೆ. ತಯಾರಾದ ಕ್ರೀಮಿಗೆ ಬೇಕಂತಲೇ ಸ್ಟ್ಯಾಫಿಲೊಕಾಕಸ್, ಸ್ಯೂಡೊಮೊನಾಸ್, ಇ. ಕೋಲಿ, ಕ್ಯಾಂಡಿಡ, ಆಸ್ಪರ್ಜಿಲಸ್ ಇವುಗಳನ್ನು ಬೇರೆ ಬೇರೆಯಾಗಿ, ಗ್ರಾಮಿಗೆ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಬೆರೆಸುತ್ತಾರೆ. 28 ದಿನ ಇಟ್ಟು ನಡುನಡುವೆ ಎಣಿಸುತ್ತಾರೆ. ಅಮೆರಿಕದ ಸಂಹಿತೆಯ ಪ್ರಕಾರ ಚರ್ಮಕ್ಕೆ ಹಚ್ಚುವ ಮದ್ದಿನಲ್ಲಿ 14ನೆಯ ದಿನಕ್ಕೆ ನೂರರಲ್ಲಿ 99 ಬ್ಯಾಕ್ಟೀರಿಯಗಳು ಸತ್ತಿರಬೇಕು, ಆಮೇಲೆ 28ನೆಯ ದಿನದವರೆಗೆ ಸಂಖ್ಯೆ ಏರಬಾರದು. ನಮ್ಮ ಸೆಮಿಸ್ಟರ್ ಪರೀಕ್ಷೆಗಿಂತ ಇದು ಕಟ್ಟುನಿಟ್ಟು, ಕೃಪಾಂಕ ಇಲ್ಲ.

5. ಬೇಲಿಯೇ ಎದ್ದು ಹೊಲ ಮೇಯ್ದಾಗ

ಜೀವಿಯನ್ನು ಕೊಲ್ಲುವ ವಸ್ತು ನಮ್ಮ ಜೀವಕೋಶವನ್ನು ಪೂರ್ತಿ ಬಿಟ್ಟುಬಿಡುತ್ತದೆ ಅಂತ ನಂಬಲಾಗದು. ತೊಂದರೆ ಎರಡು ಬಗೆ. ಮೊದಲನೆಯದು ಉರಿ: ಹಚ್ಚಿದೊಡನೆ ಚುರುಚುರು ಅನ್ನುವುದು. ಪ್ರಮಾಣ ಹೆಚ್ಚಾದರೆ ಯಾರಿಗೆ ಬೇಕಾದರೂ ಆದೀತು. ಎರಡನೆಯದು ಅಲರ್ಜಿ, ಅಂದರೆ ಒಗ್ಗದಿಕೆ. ಇದು ಕೆಲವರಿಗೆ ಮಾತ್ರ, ಆದರೆ ಬಂದರೆ ಬಹುಮಟ್ಟಿಗೆ ಜೀವಮಾನದ ಸಂಗಾತಿ.

ಅದು ಹುಟ್ಟುವುದು ಹೀಗೆ. ಚರ್ಮದ ಮೇಲ್ಪದರವನ್ನು ದಾಟಬೇಕಾದರೆ ಅಣು ಚಿಕ್ಕದಿರಬೇಕು. ಅಣುತೂಕ ಸುಮಾರು 500ರ ಒಳಗೆ. ಫಾರ್ಮಾಲ್ಡಿಹೈಡಿನದು 30, ಮೀಥೈಲ್ ಐಸೊಥಯಜೋಲಿನೋನಿನದು 115, ಮೀಥೈಲ್ ಪ್ಯಾರಾಬೆನ್ನಿನದು 152. ಎಲ್ಲರೂ ಒಳಗೆ ಹೋಗಬಲ್ಲವರೇ. ಒಳಹೋದ ಅಣು ಮೈಯ ಪ್ರೋಟೀನಿಗೆ ಅಂಟಿಕೊಂಡರೆ ಆ ಪ್ರೋಟೀನು ವೇಷ ಬದಲಿಸಿದ ಹಾಗೆ ಕಾಣುತ್ತದೆ. ಚರ್ಮದ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಈ ವೇಷಧಾರಿಯನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳಿಗೆ ತೋರಿಸುತ್ತವೆ. ಒಂದೆರಡು ವಾರದಲ್ಲಿ ಟಿ-ಕೋಶಗಳ ಒಂದು ಪಡೆ ಆ ಮುಖವನ್ನು ನೆನಪಿಟ್ಟುಕೊಂಡು ಸಿದ್ಧವಾಗುತ್ತದೆ. ಇಷ್ಟರವರೆಗೂ ಹೊರಗೆ ಏನೂ ಕಾಣದು. ಮುಂದೆ ಎಂದಾದರೂ ಅದೇ ವಸ್ತು ತಾಗಿದರೆ ಒಂದೆರಡು ದಿನದಲ್ಲಿ ಕೆಂಪು, ತುರಿಕೆ, ನೀರ್ಗುಳ್ಳೆ.

ಎರಡು ಮಾತು ಗಮನಿಸಿ. ಒಂದು, 'ಎರಡು ವರ್ಷದಿಂದ ಇದೇ ಕ್ರೀಮು ಹಚ್ಚುತ್ತಿದ್ದೇನೆ, ಇದರಿಂದ ಹೇಗಾದೀತು?' ಎಂಬ ವಾದ ನಿಲ್ಲುವುದಿಲ್ಲ. ಪಡೆ ಎರಡು ವರ್ಷದ ನಂತರವೂ ಸಿದ್ಧವಾಗಬಹುದು. ಎರಡು, ತುರಿಕೆ ಇವತ್ತು ಬಂದರೆ ಇವತ್ತು ಹಚ್ಚಿದ್ದನ್ನೇ ಹಿಡಿಯಬೇಡಿ, ಮೊನ್ನೆ ಹಚ್ಚಿದ್ದನ್ನೂ ನೆನಪು ಮಾಡಿಕೊಳ್ಳಿ. ಪಾರ್ಥೇನಿಯಂ ಗಿಡ, ನಾವು ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಾಗಿ ದೇಶವೆಲ್ಲ ಹಬ್ಬಿದ್ದು, ಅದರಿಂದ ಬರುವ ಚರ್ಮದ ಬೇನೆಯೂ ಹೆಚ್ಚಾಗಿ ಇದೇ ಬಗೆಯದು. ಗಿಡ ಬೇರೆ, ಕ್ರೀಮು ಬೇರೆ, ಯಂತ್ರ ಒಂದೇ.

6. ಹೆದರಿ ಓಡಿದ ಕಥೆ

2004ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪ ಡಾರ್ಬ್ರೆ ಮತ್ತು ಸಂಗಡಿಗರು 20 ಸ್ತನ ಗಡ್ಡೆಗಳ ಮಾದರಿಗಳಲ್ಲಿ ಪ್ಯಾರಾಬೆನ್ ಇರುವುದನ್ನು ಅಳೆದು ಪ್ರಕಟಿಸಿದರು. ಪ್ಯಾರಾಬೆನ್‌ಗಳಿಗೆ ಈಸ್ಟ್ರೋಜೆನ್ನಿನ ಗುಣ ಸ್ವಲ್ಪ ಇದೆ, ಆದರೆ ಮೈಯೊಳಗಿನ ಈಸ್ಟ್ರಡಯಾಲಿಗಿಂತ ಸಾವಿರಾರು ಪಟ್ಟು ದುರ್ಬಲ ಅಂತ ಮೊದಲೇ ತಿಳಿದಿತ್ತು. ಗಡ್ಡೆಯಲ್ಲಿ ಪ್ಯಾರಾಬೆನ್ ಇದೆ ಎಂಬುದು ಒಂದು ಮಾತು. ಪ್ಯಾರಾಬೆನ್ನಿನಿಂದ ಗಡ್ಡೆ ಬಂತು ಎಂಬುದು ಇನ್ನೊಂದು ಮಾತು. ಗಡ್ಡೆಯಿಲ್ಲದ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಕೆ ಆ ಅಧ್ಯಯನದಲ್ಲಿ ಇರಲಿಲ್ಲ. ಆದರೂ ಸುದ್ದಿ ಹಬ್ಬುವಾಗ ಎರಡನೆಯ ಮಾತೇ ಹಬ್ಬಿತು. ಡಬ್ಬಿಗಳ ಮೇಲೆ 'ಪ್ಯಾರಾಬೆನ್ ಇಲ್ಲ' ಎಂಬ ಹೆಮ್ಮೆಯ ಮುದ್ರೆ ಬಂತು.

ಸರಿ, ಪ್ಯಾರಾಬೆನ್ ಬಿಟ್ಟ ಜಾಗಕ್ಕೆ ಯಾರಾದರೂ ಬರಬೇಕಲ್ಲ? ಬಂದವರಲ್ಲಿ ಮೀಥೈಲ್ ಐಸೊಥಯಜೋಲಿನೋನ್ ಒಬ್ಬ. 1980ರ ದಶಕದಿಂದ ಇದು ತನ್ನ ಅಣ್ಣ ಮೀಥೈಲ್ ಕ್ಲೋರೋ ಐಸೊಥಯಜೋಲಿನೋನ್ ಜೊತೆ 1ಕ್ಕೆ 3ರಂತೆ ಬೆರೆತು ಬರುತ್ತಿತ್ತು. ಜೋಡಿಯ ಮಿತಿ ಹತ್ತು ಲಕ್ಷಕ್ಕೆ 15 ಭಾಗ. ಅಂದರೆ ತಮ್ಮನ ಪಾಲು 3.75. ಅಲರ್ಜಿ ತರುವುದರಲ್ಲಿ ಅಣ್ಣ ಹೆಚ್ಚು ಜೋರು, ತಮ್ಮ ಸಾಧು ಅಂತ ಭಾವಿಸಿ 2005ರಲ್ಲಿ ಯುರೋಪಿನಲ್ಲಿ ತಮ್ಮನೊಬ್ಬನಿಗೇ ಅಂಗರಾಗಗಳಲ್ಲಿ ಅನುಮತಿ ಕೊಟ್ಟರು. ಆದರೆ ಸಾಧುವಾದ್ದರಿಂದಲೇ ಬ್ಯಾಕ್ಟೀರಿಯವನ್ನು ಕೊಲ್ಲಲು ಹೆಚ್ಚು ಬೇಕು. ಮಿತಿ 100 ಭಾಗ. 3.75ರಿಂದ 100! ಸುಮಾರು 27 ಪಟ್ಟು.

ಫಲ ಏನಾಯಿತು? ಯುರೋಪಿನ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ಈ ವಸ್ತುವಿನ ಅಲರ್ಜಿಯವರು ವರ್ಷದಿಂದ ವರ್ಷಕ್ಕೆ ಹೆಚ್ಚಿದರು. ಮಕ್ಕಳನ್ನು ಒರಸುವ ಒದ್ದೆ ಬಟ್ಟೆಯಿಂದ ತಾಯಂದಿರ ಕೈಗೂ ಮಕ್ಕಳ ಮೈಗೂ ಬಂತು. ನೀರು ಬಣ್ಣದಲ್ಲೂ ಇದನ್ನು ಹಾಕುವುದರಿಂದ, ಮೊದಲೇ ಅಲರ್ಜಿ ಹತ್ತಿದವರಿಗೆ ಹೊಸದಾಗಿ ಬಣ್ಣ ಬಳಿದ ಕೋಣೆಗೆ ಕಾಲಿಟ್ಟರೂ ಮುಖ ಊದಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದನ್ನು 'ವರ್ಷದ ಅಲರ್ಜಿಕಾರಕ' ಅಂತ ಸಾರಿತು. 2017ರಿಂದ ಯುರೋಪಿನಲ್ಲಿ ಹಚ್ಚಿ ಬಿಡುವ ಅಂಗರಾಗಗಳಲ್ಲಿ ಇದಕ್ಕೆ ನಿಷೇಧ ಬಂತು. ತೊಳೆದು ಹೋಗುವವುಗಳಲ್ಲಿ 2018ರಿಂದ ಮಿತಿ 15 ಭಾಗಕ್ಕೆ ಇಳಿಯಿತು. ಅದೇ ಅಮೆರಿಕದ ಸಂಘ 2019ರಲ್ಲಿ ಪ್ಯಾರಾಬೆನ್ನನ್ನು ಕರೆದದ್ದು ಏನಂತ ಗೊತ್ತೆ? ವರ್ಷದ 'ಅಲರ್ಜಿಕಾರಕವಲ್ಲದ್ದು' ಅಂತ.

ಪ್ಯಾರಾಬೆನ್ ಪೂರ್ತಿ ನಿರಪರಾಧಿ ಅಂತಲೂ ಇದರ ಅರ್ಥವಲ್ಲ. 2014ರಲ್ಲಿ ಯುರೋಪು ಅಷ್ಟಾಗಿ ಮಾಹಿತಿ ಇಲ್ಲದ ಐದು ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. ಪ್ರೊಪೈಲ್, ಬ್ಯೂಟೈಲ್‌ಗಳ ಮಿತಿಯನ್ನು ನೂರಕ್ಕೆ 0.14 ಭಾಗಕ್ಕೆ ಇಳಿಸಿ, ಮೂರು ವರ್ಷದೊಳಗಿನ ಮಕ್ಕಳ ಲಂಗೋಟಿಯ ಜಾಗಕ್ಕೆ ಹಚ್ಚಿ ಬಿಡುವವುಗಳಲ್ಲಿ ಬೇಡ ಅಂದಿತು. ಎಚ್ಚರಿಕೆ ಬೇರೆ, ಗಾಬರಿ ಬೇರೆ. ಎಚ್ಚರಿಕೆ ಅಳತೆ ಕೇಳುತ್ತದೆ. ಗಾಬರಿ ಓಡುತ್ತದೆ, ಎತ್ತ ಓಡುತ್ತಿದ್ದೇನೆ ಅಂತ ನೋಡುವುದಿಲ್ಲ.

7. ಗುಣವಾಗದ ಗಾಯದ ಗುಟ್ಟು

ಇನ್ನು ಚರ್ಮದ ಮದ್ದಿಗೆ ಬರೋಣ. ಅಮೆರಿಕದ ಚರ್ಮವೈದ್ಯ ಅಲೆಕ್ಸಾಂಡರ್ ಫಿಶರ್ 1973ರಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಪ್ಯಾರಾಬೆನ್ ಅಲರ್ಜಿ ಇದ್ದವರು ಸಹ ಪ್ಯಾರಾಬೆನ್ ಇರುವ ಕ್ರೀಮನ್ನು ಆರೋಗ್ಯವಾದ ಚರ್ಮಕ್ಕೆ ಹಚ್ಚಿದರೆ ಏನೂ ಆಗುವುದಿಲ್ಲ. ಇಸಬಿನ ಮೇಲೆ, ಹುಣ್ಣಿನ ಮೇಲೆ ಹಚ್ಚಿದರೆ ಕೆರಳುತ್ತದೆ. ಕಾರಣ ಸರಳ. ಒಡೆದ ಚರ್ಮ ಎಂದರೆ ಬಾಗಿಲಿಲ್ಲದ ಮನೆ. ಅಂದರೆ ಸಂರಕ್ಷಕದ ಅಪಾಯ ಮುಖಕ್ಕೆ ಹಚ್ಚುವ ಕ್ರೀಮಿಗಿಂತ ರೋಗದ ಚರ್ಮಕ್ಕೆ ಹಚ್ಚುವ ಮದ್ದಿನಲ್ಲಿ ಹೆಚ್ಚು. ನಾವು ಅನುಮಾನಪಡುವುದು ಮಾತ್ರ ಸದಾ ಮುಖದ ಕ್ರೀಮನ್ನೇ.

ಇದಕ್ಕಿಂತ ತೊಡಕಿನದು ಸ್ಟೀರಾಯ್ಡ್ ಕ್ರೀಮು. ಒಬ್ಬರಿಗೆ ಕೈಯಲ್ಲಿ ಇಸಬು ಇದೆ ಅಂತಿಟ್ಟುಕೊಳ್ಳಿ. ಹಚ್ಚುವ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದೆ, ಸಂರಕ್ಷಕವಾಗಿ ಕ್ಲೋರೋಕ್ರಿಸಾಲ್ ಇದೆ. ಅವರಿಗೆ ಕ್ಲೋರೋಕ್ರಿಸಾಲ್ ಒಗ್ಗದು. ಈಗ ಒಂದೇ ಟ್ಯೂಬಿನೊಳಗೆ ಬೆಂಕಿಯೂ ಇದೆ, ಅದನ್ನು ಆರಿಸುವ ನೀರೂ ಇದೆ. ಸ್ಟೀರಾಯ್ಡ್ ಅಲರ್ಜಿಯನ್ನು ಅದುಮಿಡುತ್ತದೆ. ಆದ್ದರಿಂದ ಇಸಬು ಉಲ್ಬಣಿಸುವುದೂ ಇಲ್ಲ, ವಾಸಿಯಾಗುವುದೂ ಇಲ್ಲ. ನಿಲ್ಲಿಸಿದರೆ ಕೆರಳುತ್ತದೆ, ಕೆರಳಿತು ಅಂತ ಮತ್ತೆ ಅದನ್ನೇ ಹಚ್ಚುತ್ತಾರೆ. ತಿಂಗಳು ವರ್ಷವಾಗುತ್ತದೆ, ಸ್ಟೀರಾಯ್ಡಿನಿಂದ ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ. ಸರಿಯಾದ ಮದ್ದಿಗೆ ಬಗ್ಗದ ಇಸಬನ್ನು ಕಂಡರೆ ಅನುಭವಿ ವೈದ್ಯರು ಮೊದಲು ಕೇಳುವ ಪ್ರಶ್ನೆ ಇದೇ: 'ಮದ್ದೇ ರೋಗ ಸಾಕುತ್ತಿದೆಯೋ ಹ್ಯಾಗೆ?'

ಹಾಗಾದರೆ ಪರಿಹಾರ? ಅದೇ ಮದ್ದು ಸಾಮಾನ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ: ಕ್ರೀಮು ಮತ್ತು ಆಯಿಂಟ್‌ಮೆಂಟು. ಆಯಿಂಟ್‌ಮೆಂಟಿನ ಬುಡ ಹೆಚ್ಚಾಗಿ ನೀರಿಲ್ಲದ ಪ್ಯಾರಾಫಿನ್ನು, ಆದ್ದರಿಂದ ಅನೇಕವುಗಳಲ್ಲಿ ಸಂರಕ್ಷಕವೇ ಇರುವುದಿಲ್ಲ. ಜಿಡ್ಡು ಜಿಡ್ಡು ಅಂತ ನಾವು ಬೇಡವೆನ್ನುವ ರೂಪವೇ ಕೆಲವರಿಗೆ ಉಳಿವಿನ ದಾರಿ. ಬದಲಾಯಿಸುವುದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಸ್ಟೀರಾಯ್ಡ್ ಇರುವ ಚರ್ಮದ ಮದ್ದುಗಳನ್ನು ನಮ್ಮ ದೇಶದಲ್ಲಿ 2018ರಲ್ಲಿ ಷೆಡ್ಯೂಲ್ ಎಚ್‌ನ ಕಟ್ಟಿನೊಳಗೆ ತಂದದ್ದು ಸುಮ್ಮನೆ ಅಲ್ಲ. ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ 'ಅಣ್ಣಾ, ತುರಿಕೆಗೆ ಏನಾದರೂ ಕೊಡಿ' ಅಂತ ಅಂಗಡಿಯ ಮುಂದೆ ನಿಲ್ಲುವವರು ನಾವೇ ಅಲ್ಲವೆ?

ಅಪರಾಧಿಯನ್ನು ಹಿಡಿಯುವ ವಿಧಾನಕ್ಕೆ ಪ್ಯಾಚ್ ಪರೀಕ್ಷೆ ಅಂತ ಹೆಸರು. 1895ರಲ್ಲಿ ಜರ್ಮನ್ ವೈದ್ಯ ಯೋಸೆಫ್ ಯಾಡಸ್ಸೋನ್ ಇದನ್ನು ಮುಂದಿಟ್ಟರು. ಅನುಮಾನಿತ ವಸ್ತುಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡಿ, ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಭಾರತಕ್ಕಾಗಿಯೇ ಒಂದು ಪ್ರಮಾಣಿತ ಸರಣಿ ಇದೆ. ಅದರಲ್ಲಿ ಪ್ಯಾರಾಬೆನ್, ಫಾರ್ಮಾಲ್ಡಿಹೈಡ್, ಕ್ಲೋರೋಕ್ರಿಸಾಲ್ ಮೂರೂ ಇವೆ, ಮೇಲೆ ಹೇಳಿದ ಪಾರ್ಥೇನಿಯಂ ಕೂಡ ಇದೆ.

8. 'ಸಂರಕ್ಷಕರಹಿತ' ಅಂದರೆ?

ಈ ಮಾತಿಗೆ ಮೂರು ಅರ್ಥ ಇರಬಹುದು. ಒಂದು, ನಿಜಕ್ಕೂ ನೀರಿಲ್ಲದ ವಸ್ತು, ಹಾಗಿದ್ದರೆ ಸಂತೋಷ. ಎರಡು, ಒಂದೇ ಸಲಕ್ಕೆ ಮುಗಿಯುವ ಪುಟ್ಟ ಪೊಟ್ಟಣ, ಇಲ್ಲವೆ ಗಾಳಿ ಒಳಹೋಗದ ಪಂಪಿನ ಬಾಟಲಿ, ಅದೂ ಸರಿ. ಮೂರು, ಸಂರಕ್ಷಕವನ್ನೇ ಬೇರೆ ಹೆಸರಿನಲ್ಲಿ ಹಾಕಿರುವುದು. 1999ರಲ್ಲಿ ಜರ್ಮನಿಯ ಸಂಶೋಧಕರು 'ನೈಸರ್ಗಿಕ ಸಂರಕ್ಷಕ' ಅಂತ ಮಾರಾಟವಾಗುತ್ತಿದ್ದ ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನ ಬೀಜದ ಆರು ಸಾರಗಳನ್ನು ಪರೀಕ್ಷಿಸಿದರು. ಐದರಲ್ಲಿ ಬೆಂಜಿಥೋನಿಯಂ ಕ್ಲೋರೈಡ್ ಎಂಬ ಕೃತಕ ಸಂರಕ್ಷಕವಿತ್ತು. ಏನೂ ಬೆರೆಸದ ಆರನೆಯದು ಯಾವ ಜೀವಿಯನ್ನೂ ತಡೆಯಲಿಲ್ಲ! ನೈಸರ್ಗಿಕ, ಕೃತಕ ಎಂಬ ಭೇದ ಚರ್ಮಕ್ಕೆ ಗೊತ್ತಿಲ್ಲ. ಪಾರ್ಥೇನಿಯಂ ಕೂಡ ಅಪ್ಪಟ ನೈಸರ್ಗಿಕವೇ.

9. ನಾವು ಮಾಡಬೇಕಾದದ್ದು

ಗೆಳೆಯರೆ, ಊರಿನಲ್ಲಿರುವ ನಮ್ಮ ಅವ್ವ, ಅಮ್ಮ, ಅತ್ತಿಗೆಯರೂ ಇವೇ ಕ್ರೀಮುಗಳನ್ನು ಕೊಳ್ಳುತ್ತಾರೆ. ಲೇಬಲ್ಲು ಇಂಗ್ಲಿಷಿನಲ್ಲಿದೆ, ಅಕ್ಷರ ಸಾಸಿವೆಗಿಂತ ಚಿಕ್ಕದು. ಅದನ್ನು ಓದಿ ಕನ್ನಡದಲ್ಲಿ ಹೇಳಬಲ್ಲವರು ಮನೆಯಲ್ಲಿ ನಾವೇ. ಆದ್ದರಿಂದ ಇಷ್ಟನ್ನು ಕಲಿತುಕೊಳ್ಳೋಣ.

ಲೇಬಲ್ಲಿನಲ್ಲಿ ವಸ್ತುಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆದಿರುತ್ತಾರೆ. ಶೇಕಡಾ ಒಂದು ಮತ್ತು ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರಬಹುದು. ಸಂರಕ್ಷಕ ಸಾಮಾನ್ಯವಾಗಿ ಅಲ್ಲೇ ಬಾಲದಲ್ಲಿರುತ್ತದೆ. ಡಬ್ಬಿಗಿಂತ ಟ್ಯೂಬು ಮೇಲು, ಬೆರಳು ಒಳಗೆ ಹೋಗುವುದಿಲ್ಲ. ಕಣ್ಣಿನ ಸಾಮಾನುಗಳನ್ನು ಗೆಳತಿಯರ ನಡುವೆ ಹಂಚಿಕೊಳ್ಳಬಾರದು. ಹಾಸ್ಟೆಲಿನಲ್ಲಿ ನಾವೆಲ್ಲ ಮಾಡುವ ಒಂದು ಕೆಲಸವಿದೆ: ಶಾಂಪೂ ತೀರುತ್ತಾ ಬಂದಾಗ ನೀರು ಹಾಕಿ ಕುಲುಕಿ ಇನ್ನೊಂದು ವಾರ ಓಡಿಸುವುದು. ನೀರು ಹಾಕಿದಾಗ ಸಂರಕ್ಷಕವೂ ತೆಳ್ಳಗಾಗುತ್ತದೆ, ನಲ್ಲಿಯ ಬ್ಯಾಕ್ಟೀರಿಯ ಒಳಗೆ ಹೋಗುತ್ತದೆ. ಹಾಕಿದರೆ ಅವತ್ತೇ ಮುಗಿಸಿ. ಹೊಸ ಕ್ರೀಮಿನ ಮೇಲೆ ಅನುಮಾನವಿದ್ದರೆ ಮೊಣಕೈ ಒಳಮಡಿಕೆಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಬಹುದು. ಇದು ಹಚ್ಚಿ ಬಿಡುವ ವಸ್ತುಗಳಿಗೆ ಮಾತ್ರ, ಶಾಂಪೂ, ಸಾಬೂನಿಗಲ್ಲ. ಕೆಂಪಾದರೆ ನಿಲ್ಲಿಸಿ. ವೈದ್ಯರ ಹತ್ತಿರ ಹೋಗುವಾಗ ಬರೀ ತುರಿಕೆ ಒಯ್ಯಬೇಡಿ, ಹಚ್ಚಿದ ಎಲ್ಲ ಟ್ಯೂಬು ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಭ್ಯಾಸಕ್ಕೆ

1. ನಿಮ್ಮ ಕೋಣೆಯ ಐದು ವಸ್ತುಗಳನ್ನು 'ನೀರಿರುವವು', 'ನೀರಿಲ್ಲದವು' ಅಂತ ವಿಂಗಡಿಸಿ. ಮೊದಲ ಗುಂಪಿನ ಪ್ರತಿಯೊಂದರ ಸಂರಕ್ಷಕವನ್ನೂ ಲೇಬಲ್ಲಿನಲ್ಲಿ ಹುಡುಕಿ, ಅದು ಯಾವ ಮನೆತನದ್ದು ಅಂತ ಬರೆಯಿರಿ.

2. ಸಾರ್ಬಿಕ್ ಆಮ್ಲದ ಪಿಕೆಎ ಸುಮಾರು 4.8. ಪಿಎಚ್ 5.8 ಇರುವ ಲೋಷನ್ನಿನಲ್ಲಿ ನೂರಕ್ಕೆ ಎಷ್ಟು ಅಣುಗಳು ಇಡಿಯಾಗಿರುತ್ತವೆ?

3. 200 ಗ್ರಾಮಿನ ಶಾಂಪೂವಿನಲ್ಲಿ ಐಸೊಥಯಜೋಲಿನೋನ್ ಜೋಡಿ ಹತ್ತು ಲಕ್ಷಕ್ಕೆ 15 ಭಾಗ ಇದ್ದರೆ ಒಟ್ಟು ಎಷ್ಟು ಮಿಲಿಗ್ರಾಂ?

4. 'ಇದರಲ್ಲಿ ಕೆಮಿಕಲ್ ಇದೆಯಂತೆ, ಹಚ್ಚಲೋ ಬೇಡವೋ?' ಅಂತ ಊರಿಂದ ಅವ್ವ ಫೋನು ಮಾಡಿದ್ದಾರೆ. ಇಂಗ್ಲಿಷ್ ಹೆಸರುಗಳಿಗೆ ಜೋತುಬೀಳದೆ, ಅವರನ್ನು ಹೆದರಿಸದೆ, ಸುಳ್ಳು ಧೈರ್ಯವನ್ನೂ ಕೊಡದೆ, ಹತ್ತು ವಾಕ್ಯಗಳಲ್ಲಿ ಉತ್ತರ ಬರೆಯಿರಿ. ನಾಲ್ಕರಲ್ಲಿ ಇದೇ ಎಲ್ಲಕ್ಕಿಂತ ಕಠಿಣವಾದದ್ದು.